ಅತಿಥಿಯ ಹಕ್ಕು ಎಲ್ಲಿಯವರೆಗೆ?

ಒಂದು ತಲೆಮಾರಿನ ಹಿಂದೆ ನಮ್ಮ ವಿಜಯಪುರದ ಕಡೆ ಹೊಸದಾಗಿ ಮದುವೆಯಾದವರು ಊರು ಬಿಟ್ಟು ಹೋಗುತ್ತಿದ್ದದ್ದು ಕಲಬುರಗಿಯ ಬಂದೇನವಾಝರ ದರ್ಗಾಕ್ಕೆ, ಕೂಡಲಸಂಗಮಕ್ಕೆ, ಬಹಳವೆಂದರೆ ಮಹಾಬಳೇಶ್ವರಕ್ಕೆ. ಮದುಮಕ್ಕಳ ಜೊತೆ ಅತ್ತೆ, ಮಾವ, ನಾದಿನಿ, ಅವರ ಮಕ್ಕಳು ಎಲ್ಲರೂ ಒಂದೇ ಜೀಪಿನಲ್ಲಿ ತುಂಬಿಕೊಳ್ಳುತ್ತಿದ್ದರು. ಈಗ ಕಾಲ ಬದಲಾಗಿದೆ. ತಿಕೋಟಾದ ದ್ರಾಕ್ಷಿ ಬೆಳೆಗಾರನ ಮಗ, ಬಬಲೇಶ್ವರದ ಶಾಲಾ ಮಾಸ್ತರರ ಮಗಳು, ನಗರದ ಬಟ್ಟೆ ವ್ಯಾಪಾರಿಯ ಸೊಸೆ, ಎಲ್ಲರ ಕಣ್ಣೂ ಕಡಲಿನ ಮೇಲೆ. ಅನುಕೂಲ ಕಡಿಮೆ ಇದ್ದವರು ಮಲ್ಪೆ, ಮುರ್ಡೇಶ್ವರ, ಕಾರವಾರ, ಗೋವಾಕ್ಕೆ ಹೋಗುತ್ತಾರೆ. ಅನುಕೂಲ ಇದ್ದವರು ಲಕ್ಷದ್ವೀಪ, ಅಂಡಮಾನ್, ಮಾಲ್ದೀವ್ಸ್ ಎನ್ನುತ್ತಾರೆ. ದೋಣಿ ಹತ್ತಬೇಕು, ಡಾಲ್ಫಿನ್ ನೋಡಬೇಕು, ನೀರಿನೊಳಗೆ ಮುಳುಗಿ ಬಣ್ಣದ ಮೀನುಗಳ ನಡುವೆ ಚಿತ್ರ ತೆಗೆಸಿಕೊಳ್ಳಬೇಕು. ನಾಲ್ಕು ದಿನಗಳ ನಂತರ ಕಪ್ಪಗಾದ ಮುಖ, ಕೈಯಲ್ಲೊಂದು ಶಂಖ, ಮೊಬೈಲಿನಲ್ಲಿ ನೂರಾರು ಚಿತ್ರಗಳೊಂದಿಗೆ ಮರಳುತ್ತಾರೆ.

ಇದರ ಬಗ್ಗೆ ಮನೆಗಳಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಎರಡೇ ದಿಕ್ಕಿನದು. ಹಿರಿಯರು ಹೇಳುತ್ತಾರೆ: 'ಇಷ್ಟು ರೊಕ್ಕ ನೀರಾಗ ಹಾಕಿ ಬಂದ್ರಲ್ಲ, ಒಂದು ಬೋರ್‌ವೆಲ್ ಆಗ್ತಿತ್ತು.' ಕಿರಿಯರು ಹೇಳುತ್ತಾರೆ: 'ನಾವು ದುಡಿದ ರೊಕ್ಕ, ನಮ್ಮ ಸಂತೋಷ. ಯಾರಿಗೇನು ತೊಂದರೆ ಆತು?' ಒಬ್ಬರು ಕಿಸೆ ನೋಡುತ್ತಿದ್ದಾರೆ, ಇನ್ನೊಬ್ಬರು ಮನಸ್ಸು ನೋಡುತ್ತಿದ್ದಾರೆ. ಆದರೆ ಇಬ್ಬರೂ ನೋಡುತ್ತಿರುವುದು ಹೋಗಿ ಬಂದವರನ್ನು ಮಾತ್ರ. ಅವರು ಹೋಗಿ ಬಂದ ಜಾಗದಲ್ಲಿ ಯಾರಿದ್ದರು, ಅವರಿಗೇನಾಯಿತು ಎಂಬ ಮಾತು ಈ ಚರ್ಚೆಯಲ್ಲಿ ಬರುವುದೇ ಇಲ್ಲ. 'ಯಾರಿಗೇನು ತೊಂದರೆ ಆತು?' ಎಂಬುದು ವಾದ ಮುಗಿಸಲು ಕೇಳುವ ಪ್ರಶ್ನೆ. ಅದಕ್ಕೆ ನಿಜವಾಗಿಯೂ ಉತ್ತರ ಹುಡುಕಿದರೆ ಏನಾಗುತ್ತದೆ ಎಂದು ನಾವಿಲ್ಲಿ ನೋಡಬೇಕೆಂದಿದ್ದೇವೆ.

ಸಂತೋಷ ತಪ್ಪಲ್ಲ

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಪ್ರವಾಸವೇ ತಪ್ಪು, ಗಂಡ ಹೆಂಡತಿ ಒಟ್ಟಿಗೆ ನಲಿಯುವುದೇ ಹಗುರುತನ ಎನ್ನುವವರ ಜೊತೆ ನಾವಿಲ್ಲ. ಪವಿತ್ರ ಕುರ್‌ಆನ್ ಭೂಮಿಯಲ್ಲಿ ಸಂಚರಿಸಿ ನೋಡುವಂತೆ ಮತ್ತೆ ಮತ್ತೆ ಪ್ರೇರೇಪಿಸುತ್ತದೆ. ಹಡಗುಗಳು ಕಡಲಲ್ಲಿ ಚಲಿಸುವುದನ್ನು ದೇವನ ಅನುಗ್ರಹಗಳ ಸಾಲಿಗೆ ಸೇರಿಸುತ್ತದೆ. ಪ್ರವಾದಿವರ್ಯರು(ಸ) ಪ್ರಯಾಣವೊಂದರಲ್ಲಿ ಪತ್ನಿ ಆಯಿಶಾರ(ರ) ಜೊತೆ ಓಟದ ಪಂದ್ಯ ಕಟ್ಟಿದ್ದು, ಒಮ್ಮೆ ಆಯಿಶಾ(ರ) ಗೆದ್ದದ್ದು, ಮತ್ತೊಮ್ಮೆ ಪ್ರವಾದಿವರ್ಯರು ಗೆದ್ದದ್ದು ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ದಾಂಪತ್ಯದ ನಲಿವಿಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ನಮ್ಮ ನೆಲದ ಚರಿತ್ರೆಯೂ ನಲಿವಿಗೆ ವಿರೋಧಿಯಲ್ಲ. ವಿಜಯಪುರದ ಪೂರ್ವಕ್ಕೆ ಕುಮಟಗಿಯಲ್ಲಿ ಆದಿಲ್‌ಶಾಹಿಗಳು ಕೆರೆಯ ನೀರಿನ ನಡುವೆ ವಿಹಾರ ಮಂಟಪಗಳನ್ನು ಕಟ್ಟಿಸಿದರು. ಕಾರಂಜಿಗಳಿಗೆ ನೀರು ಹಾಯಿಸಿದರು, ಗೋಡೆಗಳ ಮೇಲೆ ಚಿತ್ರ ಬರೆಸಿದರು. ಬಿಸಿಲ ನಾಡಿನ ಅರಸನಿಗೂ ನೀರಿನ ಮಧ್ಯೆ ಕುಳಿತುಕೊಳ್ಳುವ ಆಸೆ ಇತ್ತು. ಡೋಣಿ ಹೊಳೆಯ ಉಪ್ಪು ನೀರು, ಬೇಸಿಗೆಯ ಟ್ಯಾಂಕರ್, ತಳ ಕಂಡ ಬಾವಿ ನೋಡಿ ಬೆಳೆದ ತಿಕೋಟಾದ ಹುಡುಗನಿಗೆ ಕಣ್ಣು ಹಾಯುವಷ್ಟು ದೂರ ನೀರು ನೋಡಬೇಕೆನಿಸಿದರೆ ಅದು ಆಡಂಬರವಲ್ಲ, ಬಾಯಾರಿದ ಕಣ್ಣಿನ ಆಸೆ.

ಹಾಗಾದರೆ ಪ್ರಶ್ನೆ ಎಲ್ಲಿದೆ? ಪ್ರವಾಸಿ ತನ್ನನ್ನು ಏನೆಂದು ತಿಳಿದುಕೊಂಡಿದ್ದಾನೆ ಎಂಬಲ್ಲಿದೆ. ರೊಕ್ಕ ಕೊಟ್ಟವನು ಗಿರಾಕಿ. ಗಿರಾಕಿಗೆ ಕೊಂಡದ್ದರ ಮೇಲೆ ಒಡೆತನವಿದೆ. ಆದರೆ ದ್ವೀಪ ಮಾರಾಟಕ್ಕಿಟ್ಟ ಸರಕಲ್ಲ, ಅದು ಇನ್ನೊಬ್ಬರ ಮನೆ. ಮನೆಗೆ ಹೋದವನು ಎಷ್ಟೇ ರೊಕ್ಕ ಕೊಟ್ಟಿದ್ದರೂ ಅತಿಥಿಯೇ. ಅತಿಥಿ ಸತ್ಕಾರಕ್ಕೆ ಇಸ್ಲಾಮಿನಲ್ಲಿ ಎಷ್ಟು ಮಹತ್ವವಿದೆಯೆಂಬುದು ಎಲ್ಲರಿಗೂ ಗೊತ್ತು. ಮೂರು ದಿನಗಳ ಸತ್ಕಾರ ಅತಿಥಿಯ ಹಕ್ಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅದೇ ಬೋಧನೆಯ ಇನ್ನೊಂದು ಭಾಗವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಆತಿಥೇಯ ಕಷ್ಟಕ್ಕೆ ಸಿಲುಕುವಷ್ಟು ಕಾಲ ಅತಿಥಿ ಅವನ ಮನೆಯಲ್ಲಿ ಉಳಿಯಬಾರದೆಂಬ ಎಚ್ಚರಿಕೆಯೂ ಅಲ್ಲಿದೆ. ಅಂದರೆ ಹಕ್ಕಿನ ಜೊತೆಯಲ್ಲೇ ಅದರ ಎಲ್ಲೆಯನ್ನೂ ಹೇಳಲಾಗಿದೆ. ಆತಿಥೇಯನ ಸಂಕಟ ಎಲ್ಲಿ ಶುರುವಾಗುತ್ತದೋ ಅಲ್ಲಿ ಅತಿಥಿಯ ಹಕ್ಕು ಮುಗಿಯುತ್ತದೆ. ಈ ಅಳತೆಗೋಲನ್ನು ಹಿಡಿದು ದೋಣಿ ಹತ್ತೋಣ.

ಡಾಲ್ಫಿನ್ ತೋರಿಸಿ ಎನ್ನುವಾಗ

ಕಾರವಾರ, ಗೋವಾ ಕಡೆಯ ದೋಣಿಯಾನಗಳಲ್ಲಿ ಹೆಚ್ಚಾಗಿ ಕಾಣಿಸುವುದು ಬೆನ್ನ ಮೇಲೆ ಗೂನಿರುವ ಡಾಲ್ಫಿನ್. ಇದು ಆಳ ಸಮುದ್ರಕ್ಕೆ ಹೋಗದೆ ದಡದ ಹತ್ತಿರ, ಅಳಿವೆಗಳ ಬಾಯಲ್ಲಿ, ಆಳವಿಲ್ಲದ ನೀರಿನಲ್ಲೇ ಬದುಕುತ್ತದೆ. ಅದಕ್ಕೇ ಅರ್ಧ ಗಂಟೆಯ ದೋಣಿಯಾನದಲ್ಲಿ ನಮ್ಮ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಅದು ಅಪಾಯದಲ್ಲೂ ಇದೆ. ಮೀನುಬಲೆ, ಬಂದರು, ಕೊಳಚೆ, ದೋಣಿ ಎಲ್ಲವೂ ಇರುವುದು ದಡದ ಹತ್ತಿರವೇ. ಜಗತ್ತಿನ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿಗೆ ಕೊಟ್ಟ ಮೊದಲ ಪರಿಚ್ಛೇದದ ರಕ್ಷಣೆಯನ್ನೇ ಇದಕ್ಕೂ ಕೊಟ್ಟಿದೆ.

ಡಾಲ್ಫಿನ್ ಮೀನಲ್ಲ. ನಮ್ಮಂತೆ ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿ ಹಾಕುತ್ತದೆ, ಹಾಲೂಡಿಸುತ್ತದೆ. ಉಸಿರಿಗಾಗಿ ಅದು ಮೇಲಕ್ಕೆ ಬರಲೇಬೇಕು. ಅದು ಮೇಲೆ ಬಂದ ಕ್ಷಣವನ್ನೇ ನಾವು 'ಕುಣಿಯಿತು' ಎನ್ನುತ್ತೇವೆ. ಕಲಕು ನೀರಿನಲ್ಲಿ ಕಣ್ಣಿಗಿಂತ ಕಿವಿಯೇ ಅದರ ಆಸರೆ. ತಾನೇ ಶಬ್ದ ಹೊರಡಿಸಿ, ಅದು ತಗುಲಿ ಮರಳುವ ಪ್ರತಿಧ್ವನಿಯಿಂದ ಮೀನಿರುವ ಜಾಗ ಹುಡುಕುತ್ತದೆ. ಗುಂಪಿನವರ ಜೊತೆ ಮಾತಾಡುವುದೂ ಶಬ್ದದಿಂದಲೇ. ಐದಾರು ದೋಣಿಗಳು ಎಂಜಿನ್ ಗುಡುಗಿಸುತ್ತ ಸುತ್ತುವರಿದರೆ ಅದರ ಪಾಲಿಗೆ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಬೇಟೆ ಬಿಟ್ಟು ಓಡಬೇಕಾಗುತ್ತದೆ, ಹಾಲು ಕುಡಿಯುವ ಮರಿ ತಾಯಿಯಿಂದ ಬೇರೆಯಾಗುವ ಭಯವಿರುತ್ತದೆ. ನಾವು ಅರ್ಧ ಗಂಟೆ ನೋಡಿ ಹೋಗುತ್ತೇವೆ. ನಮ್ಮ ಹಿಂದೆ ಮತ್ತೊಂದು ದೋಣಿ, ಅದರ ಹಿಂದೆ ಇನ್ನೊಂದು. ಬೆಳಿಗ್ಗೆಯಿಂದ ಸಂಜೆಯವರೆಗೆ ಅತಿಥಿಗಳು ಬಾಗಿಲು ಬಡಿಯುತ್ತಲೇ ಇರುವ ಮನೆಯಲ್ಲಿ ಯಾವ ತಾಯಿ ಮಗುವನ್ನು ಮಲಗಿಸಿಯಾಳು?

ತಪ್ಪು ದೋಣಿಯವನದಲ್ಲವೇ ಎಂದು ಕೇಳಬಹುದು. ಅವನು ಬೆನ್ನಟ್ಟುವುದು ಯಾರಿಗಾಗಿ? 'ಡಾಲ್ಫಿನ್ ಗ್ಯಾರಂಟಿ' ಎಂದು ಬರೆದ ದೋಣಿಗೆ ಜನ ಹತ್ತುತ್ತಾರೆ. 'ಕಂಡರೆ ನಿಮ್ಮ ಅದೃಷ್ಟ' ಎನ್ನುವ ಪ್ರಾಮಾಣಿಕ ಖಾಲಿ ಕೂರುತ್ತಾನೆ. ಕಾಣಿಸದಿದ್ದರೆ 'ರೊಕ್ಕ ವಾಪಸ್ ಕೊಡ್ರಿ' ಎಂದು ಜಗಳ ತೆಗೆಯುವವರಿದ್ದಾರೆ. ದಿನದ ಡೀಸೆಲ್ ಲೆಕ್ಕ ಹಾಕುವವನು ಗಿರಾಕಿಯ ಮಾತು ಕೇಳುತ್ತಾನೆ. ಬೆನ್ನಟ್ಟುವ ಕೈ ಅವನದು, ಬೆನ್ನಟ್ಟಿಸುವ ಆಸೆ ನಮ್ಮದು. 'ದೂರದಲ್ಲೇ ಎಂಜಿನ್ ನಿಲ್ಲಿಸಿ, ತಾನಾಗಿ ಬಂದರೆ ನೋಡೋಣ, ಇಲ್ಲದಿದ್ದರೂ ಬಾಡಿಗೆ ಪೂರ್ತಿ ಕೊಡುತ್ತೇವೆ' ಎಂಬ ಒಂದು ಮಾತು ಅವನನ್ನೂ ಪಾಪದಿಂದ ಬಿಡಿಸುತ್ತದೆ.

ಇಲ್ಲಿ ಸೂಕ್ಷ್ಮವಾದ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಡಲಿನ ಬೇಟೆಯನ್ನು ಕುರ್‌ಆನ್ ಮನುಷ್ಯನಿಗೆ ಅನುಮತಿಸಿದೆ. ಹಜ್ಜ್‌ಗಾಗಿ ಇಹ್ರಾಮ್ ಧರಿಸಿ ನೆಲದ ಬೇಟೆ ನಿಷಿದ್ಧವಾಗಿರುವ ಹೊತ್ತಿನಲ್ಲೂ ಆ ಅನುಮತಿ ಇದೆ. ಬೆಸ್ತರ ಕಸುಬು ಗೌರವದ ಕಸುಬು. ಆದರೆ ಹಸಿವಿಗಾಗಿ ಹಿಡಿಯುವುದು ಬೇರೆ, ಮೋಜಿಗಾಗಿ ಕಾಡುವುದು ಬೇರೆ. ಜೀವವಿರುವ ಪ್ರಾಣಿಯನ್ನು ಗುರಿಯಾಟಕ್ಕೆ ಬಳಸುವುದನ್ನು ಪ್ರವಾದಿವರ್ಯರು(ಸ) ಕಟುವಾಗಿ ಖಂಡಿಸಿದ್ದಾರೆ. ಒಮ್ಮೆ ಸಂಗಾತಿಗಳು ಹಕ್ಕಿಯೊಂದರ ಮರಿಗಳನ್ನು ಎತ್ತಿಕೊಂಡಾಗ ತಾಯಿ ಹಕ್ಕಿ ರೆಕ್ಕೆ ಬಡಿಯುತ್ತ ಸುತ್ತಾಡಿತು. ಅದನ್ನು ಕಂಡ ಪ್ರವಾದಿವರ್ಯರು(ಸ) ಮರಿಗಳನ್ನು ಕೂಡಲೇ ಮರಳಿಸಲು ಹೇಳಿದರು. ಮರಿಗಳನ್ನು ಎತ್ತಿಕೊಂಡವರು ಕ್ರೂರಿಗಳೇನಲ್ಲ, ಚೆಂದ ಕಂಡು ಎತ್ತಿಕೊಂಡಿರಬಹುದು. ಚೆಂದ ಕಂಡಿತೆಂಬುದು ಎತ್ತಿಕೊಳ್ಳಲು ಕಾರಣವಾಗಲಿಲ್ಲ. ತಾಯಿಯ ಸಂಕಟ ಮರಳಿಸಲು ಸಾಕಾಯಿತು.

ಉಂಡ ಮನೆಯ ಜಂತೆ

ಲಕ್ಷದ್ವೀಪದ ಹೆಸರು ಈಚಿನ ವರ್ಷಗಳಲ್ಲಿ ನಮ್ಮ ಕಡೆಯೂ ಹೆಚ್ಚು ಕೇಳಿಬರುತ್ತಿದೆ. 2024ರ ಜನವರಿಯಲ್ಲಿ ಪ್ರಧಾನಿಯವರ ಭೇಟಿ, ಅದರ ಬೆನ್ನಿಗೆ ಮಾಲ್ದೀವ್ಸ್ ಜೊತೆ ಎದ್ದ ವಿವಾದದ ನಂತರ ಅಲ್ಲಿಗೆ ಹೋಗಬೇಕೆನ್ನುವವರ ಸಂಖ್ಯೆ ಬೆಳೆಯಿತು. ಕನ್ನಡಿಗರಿಗೆ ಆ ದ್ವೀಪಗಳು ಪರಕೀಯವಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದ್ವೀಪದವರು ತೆಂಗಿನ ನಾರು, ಕೊಬ್ಬರಿ ತಂದು ಮಂಗಳೂರಿನ ಬಂದರಿನಲ್ಲಿ ಮಾರಿ ಅಕ್ಕಿ ಒಯ್ಯುತ್ತಿದ್ದರು. ಅಲ್ಲಿನ ಹಳೇ ಬಂದರಿನಿಂದ ಮಂಜಿಗಳು ದ್ವೀಪಗಳಿಗೆ ಸಾಮಾನು ಹೊತ್ತು ಸಾಗುತ್ತ ಬಂದಿವೆ.

ಒಟ್ಟು 36 ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ. ಎಲ್ಲ ಸೇರಿ ನೆಲ 32 ಚದರ ಕಿಲೋಮೀಟರ್ ಮಾತ್ರ. 2011ರ ಜನಗಣತಿಯಂತೆ ಜನಸಂಖ್ಯೆ 64,473. ಅದೇ ಗಣತಿಯಲ್ಲಿ ನಮ್ಮ ವಿಜಯಪುರ ನಗರವೊಂದರಲ್ಲೇ ಮೂರು ಲಕ್ಷಕ್ಕೂ ಹೆಚ್ಚು ಜನರಿದ್ದರು. ಈ ಪುಟ್ಟ ನೆಲ ನಿಂತಿರುವುದು ಹವಳದ ಮೇಲೆ. ಹವಳ ಕಲ್ಲಲ್ಲ, ಗಿಡವೂ ಅಲ್ಲ. ಸಾಸಿವೆ, ಬಟಾಣಿ ಗಾತ್ರದ ಸಾವಿರಾರು ಪ್ರಾಣಿಗಳು ಒಟ್ಟಾಗಿ ಸುಣ್ಣದ ಗೂಡು ಕಟ್ಟುತ್ತವೆ. ಅವುಗಳ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೆ ಉಣಿಸುತ್ತದೆ, ಹವಳ ಪಾಚಿಗೆ ಆಸರೆ ಕೊಡುತ್ತದೆ. ಗುಂಡುಕಲ್ಲಿನಂತೆ ಕಾಣುವ ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ಒಬ್ಬ ಮನುಷ್ಯನ ಆಯುಷ್ಯದಷ್ಟು ಕಾಲದಲ್ಲಿ ಮೊಳದ ಲೆಕ್ಕದಲ್ಲಿ ಬೆಳೆದದ್ದನ್ನು, ಚಿತ್ರಕ್ಕಾಗಿ ಅದರ ಮೇಲೆ ನಿಂತ ಕಾಲು ಒಂದು ಗಳಿಗೆಯಲ್ಲಿ ಮುರಿಯಬಲ್ಲದು. ದೋಣಿಯ ಲಂಗರು ಇನ್ನೂ ಹೆಚ್ಚು ಮುರಿಯುತ್ತದೆ. ಅಲೆಯ ಹೊಡೆತವನ್ನು ತಡೆದು ದ್ವೀಪವನ್ನು ಕಾಯುವುದು ಈ ಹವಳದ ಗೋಡೆಯೇ. ಅದು ಸತ್ತರೆ ದ್ವೀಪದ ದಡ ಕೊರೆಯತೊಡಗುತ್ತದೆ.

ಉಂಡ ಮನೆಯ ಜಂತೆ ಎಣಿಸಬಾರದೆನ್ನುತ್ತದೆ ನಮ್ಮ ಗಾದೆ. ಇಲ್ಲಿ ಅತಿಥಿ ಎಣಿಸುವುದಿರಲಿ, ಜಂತೆಯ ಚೂರನ್ನೇ ಶೋಕೇಸಿಗೆಂದು ಕಿತ್ತು ತರುತ್ತಾನೆ. ಮಾರುವವನೂ ಇದ್ದಾನೆ, ಕೊಳ್ಳುವವನೂ ಇದ್ದಾನೆ. ದ್ವೀಪ ಕಟ್ಟುವ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆಯಲ್ಲಿವೆ. ಹುಲಿಯುಗುರು ಕೊಳ್ಳುವುದು ತಪ್ಪೆಂದು ಗೊತ್ತಿರುವವರಿಗೂ ಹವಳದ ಕೊಂಬೆ ಕೊಳ್ಳುವುದು ತಪ್ಪೆಂದು ಗೊತ್ತಿಲ್ಲ.

ಬಾಯಾರಿಕೆ ಬಲ್ಲವರು

ಸುತ್ತಲೂ ನೀರಿರುವ ದ್ವೀಪದಲ್ಲಿ ನೀರಿಗೇ ಬರ. ಮಳೆನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತ ನಿಲ್ಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಬಾವಿಯಿಂದ ಮಿತಿಮೀರಿ ಎತ್ತಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ, ಆಮೇಲೆ ಆ ಬಾವಿ ಬೇಗ ಸುಧಾರಿಸುವುದಿಲ್ಲ. ಈ ಸಂಕಟಕ್ಕಾಗಿಯೇ 2005ರಲ್ಲಿ ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ, ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ ಘಟಕ ಸ್ಥಾಪಿಸಲಾಯಿತು. ಅಂಥ ಊರಿನಲ್ಲಿ ಅತಿಥಿಯೊಬ್ಬ ಸಮುದ್ರದಿಂದ ಬಂದಾಗಲೊಮ್ಮೆ, ಮಲಗುವ ಮುಂಚೆಯೊಮ್ಮೆ ಷವರ್ ಬಿಟ್ಟುಕೊಂಡು ನಿಂತರೆ ಅದು ಯಾರ ಕೊಡದ ನೀರು?

ಈ ಪ್ರಶ್ನೆಯನ್ನು ಬೆಂಗಳೂರಿನವರಿಗಿಂತ ಮೊದಲು ನಾವು ಅರ್ಥ ಮಾಡಿಕೊಳ್ಳಬೇಕು. ಏಕೆಂದರೆ ನಾವು ನೀರಿನ ಬೆಲೆ ಬಲ್ಲವರು. ತೊರವಿಯಿಂದ ನೆಲದಡಿಯ ಕಾಲುವೆಯಲ್ಲಿ ನೀರು ತಂದ ಊರು ನಮ್ಮದು. 1620ರ ತಾಜ್ ಬಾವಡಿ, 1651ರ ಬೇಗಂ ತಾಲಾಬ್, ನೀರಿನ ಒತ್ತಡ ಹದಗೊಳಿಸಲು ಬೀದಿಗಳಲ್ಲಿ ಕಟ್ಟಿದ ಗಂಜುಗಳು, ಬಬಲೇಶ್ವರ ಸೀಮೆಯಲ್ಲಿ ಮುಹಮ್ಮದ್ ಆದಿಲ್‌ಶಾಹನ ಹೆಸರು ಹೊತ್ತ ಮಮದಾಪುರದ ಕೆರೆ, ಇವೆಲ್ಲ ಮಳೆ ಕೈಕೊಟ್ಟ ನಾಡು ಬುದ್ಧಿಯಿಂದ ಬದುಕಿದ ಗುರುತುಗಳು. ಕೃಷ್ಣೆಯ ನೀರು ಏತ ನೀರಾವರಿಯಿಂದ ಕೆರೆಗಳಿಗೆ ಬರುವವರೆಗೆ ತಿಕೋಟಾ, ಬಬಲೇಶ್ವರದ ಹೆಣ್ಣುಮಕ್ಕಳು ಕೊಡ ಹಿಡಿದು ಸಾಲು ನಿಂತದ್ದನ್ನು ಮರೆಯುವಷ್ಟು ಕಾಲವಾಗಿಲ್ಲ. ಹರಿಯುವ ಹೊಳೆಯ ದಡದಲ್ಲಿ ಕುಳಿತು ವುಝೂ ಮಾಡುವಾಗಲೂ ನೀರನ್ನು ದುಂದು ಮಾಡಬಾರದೆಂಬ ಪ್ರವಾದಿ ಬೋಧನೆ ನಮಗೆ ಪುಸ್ತಕದ ಮಾತಲ್ಲ, ಮನೆಯ ಅನುಭವ. ಬಾಯಾರಿಕೆ ಬಲ್ಲವನೇ ಇನ್ನೊಬ್ಬನ ಕೊಡ ಬರಿದು ಮಾಡಿದರೆ ಅವನ ಅನುಭವಕ್ಕೆ ಏನು ಬೆಲೆ?

ಒಂದು ದೋಣಿಯಿಂದೇನು?

ಇಷ್ಟು ಹೇಳಿದ ಮೇಲೆ ಬರುವ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದು: 'ಹವಳ ಸಾಯುತ್ತಿರುವುದು ನಮ್ಮ ಕಾಲಿನಿಂದಲ್ಲ, ಕಡಲು ಕಾಯುತ್ತಿರುವುದರಿಂದ.' ಇದು ನಿಜ. ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಬಿಸಿಯಾಗಿ ವಾರಗಟ್ಟಲೆ ಹಾಗೇ ಇದ್ದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಉಪವಾಸ ಬೀಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. 1998ರಿಂದ 2022ರವರೆಗೆ ಅಲ್ಲಿನ ಹವಳವನ್ನು ಅಳೆಯುತ್ತ ಬಂದ ವಿಜ್ಞಾನಿಗಳು ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದದ್ದನ್ನು ಕಂಡಿದ್ದಾರೆ. ಜಗತ್ತಿನ ಕಲ್ಲಿದ್ದಲು, ಎಣ್ಣೆಯ ಹೊಗೆಯ ಮುಂದೆ ನವದಂಪತಿಗಳ ನಾಲ್ಕು ದಿನಗಳ ಪ್ರವಾಸ ಸಣ್ಣದು.

ಆದರೆ ಕಾಯಿಲೆಯಿಂದ ಮಲಗಿದವರ ಮನೆಗೆ ಹೋದಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ? 'ಇವರ ಕಾಯಿಲೆಗೆ ಕಾರಣ ನಾವಲ್ಲ, ಆದ್ದರಿಂದ ಜೋರಾಗಿ ಹಾಡು ಹಾಕೋಣ' ಎನ್ನುವುದಿಲ್ಲ. ಮೆಲ್ಲಗೆ ಮಾತಾಡುತ್ತೇವೆ, ಬೇಗ ಎದ್ದು ಬರುತ್ತೇವೆ. ಬಿಸಿಗೆ ಬಳಲಿದ ಹವಳ ಚೇತರಿಸಿಕೊಳ್ಳಲು ಬೇಕಾದದ್ದು ಬಿಡುವು. ದೊಡ್ಡ ಕೇಡನ್ನು ಇನ್ನೊಬ್ಬರು ಮಾಡಿದ್ದಾರೆಂಬುದು ಸಣ್ಣ ಕೇಡಿಗೆ ಪರವಾನಗಿಯಾಗದು, ಎಚ್ಚರ ಹೆಚ್ಚಿಸಲು ಕಾರಣವಾಗಬೇಕು. ಇನ್ನು 'ಒಂದು ದೋಣಿಯಿಂದೇನು' ಎನ್ನುವುದಾದರೆ, ಹನಿ ಹನಿ ಕೂಡಿದರೆ ಹಳ್ಳ ಎಂಬುದು ಒಳಿತಿಗೆ ಮಾತ್ರ ಅನ್ವಯಿಸುವ ಗಾದೆಯಲ್ಲ.

ಎರಡನೆಯದು 'ನಮ್ಮ ರೊಕ್ಕ' ಎಂಬ ವಾದ. ಇದಕ್ಕೆ ಉತ್ತರವಾಗಿ ಪ್ರವಾದಿವರ್ಯರು(ಸ) ಕೊಟ್ಟ ಹಡಗಿನ ಉಪಮೆಯೇ ಇದೆ. ಹಡಗಿನಲ್ಲಿ ಚೀಟಿ ಎತ್ತಿ ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳಗಿನದು ಸಿಗುತ್ತದೆ. ನೀರಿಗಾಗಿ ಪದೇ ಪದೇ ಮೇಲೆ ಹತ್ತುವುದೇಕೆಂದು ಕೆಳಗಿನವರು ತಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯಲು ಹೊರಡುತ್ತಾರೆ. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಕೊರೆಯುವವರು ಬೇರೆಯವರ ಜಾಗವನ್ನೇನೂ ಮುಟ್ಟಿರಲಿಲ್ಲ. ಆದರೂ ಹಡಗು ಒಂದೇ ಆಗಿತ್ತು.

ಇದು ಉಪಮೆಯಾಗಿ ಮಾತ್ರ ಉಳಿಯದ ದಿನವೂ ಬಂದಿದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಸತ್ತವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರಿದ್ದರು. ಕಡಲು ನೋಡದ ಬಯಲುಸೀಮೆಯವರಿಗೆ ಕಡಲಿನ ಭಯವೂ ಇರುವುದಿಲ್ಲ. 'ಇನ್ನಿಬ್ಬರು ಹತ್ತಿಕೊಳ್ಳಲಿ ಬಿಡ್ರಿ', 'ಜಾಕೆಟ್ ಬ್ಯಾಡ, ಫೋಟೋ ಚಂದ ಬರಂಗಿಲ್ಲ' ಎಂಬ ಮಾತುಗಳು ನಮ್ಮವರ ಬಾಯಿಂದಲೇ ಬರುತ್ತವೆ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ನಿಲ್ಲಿಸುವುದು ನಮ್ಮ ಸಂತೋಷ ಕೆಡಿಸಲು ಅಲ್ಲ. ಕಡಲು ಬಲ್ಲವನು ಬೇಡವೆಂದಾಗ ಒಪ್ಪುವುದೂ ಅತಿಥಿಯ ಧರ್ಮವೇ.

ಮೂರನೆಯ ಆಕ್ಷೇಪ ಅತ್ಯಂತ ನ್ಯಾಯವಾದದ್ದು: 'ಪ್ರಾಣಿಗಳ ಬಗ್ಗೆ ಇಷ್ಟೆಲ್ಲ ಮರುಗುವ ನೀವು ಅಲ್ಲಿನ ಬಡವರ ಹೊಟ್ಟೆಪಾಡು ನೋಡಿದ್ದೀರಾ?' ನೋಡಲೇಬೇಕು. ಪ್ರವಾಸಿಗೆ ಮುದ್ದಾಗಿ ಕಾಣುವ ಜೀವಿ ಅಲ್ಲಿಯವನಿಗೆ ಹೊರೆಯೂ ಆಗಬಹುದು. ಅಗತ್ತಿಯ ಲಗೂನಿನಲ್ಲಿ ಹಸಿರು ಆಮೆಗಳು ಹೆಚ್ಚಾಗಿ ಕಡಲಹುಲ್ಲನ್ನೆಲ್ಲ ಮೇಯತೊಡಗಿದಾಗ, ಅದೇ ಹುಲ್ಲಿನಲ್ಲಿ ಬೆಳೆಯುವ ಮೀನುಗಳನ್ನು ನಂಬಿದ ಬೆಸ್ತರು ಆಮೆಗಳ ಮೇಲೆ ಬೇಸರಗೊಂಡರು. ಅವರ ಬೇಸರದಲ್ಲಿ ಅರ್ಥವಿಲ್ಲವೆನ್ನಲಾಗದು. ಹೀಗಾಗಿ ಆಮೆಯೋ ಮನುಷ್ಯನೋ ಎಂಬ ಪ್ರಶ್ನೆಗೆ ದೂರದಿಂದ ಬಂದ ನಾವು ತೀರ್ಪುಗಾರರಲ್ಲ. ಲಕ್ಷದ್ವೀಪದ ಬೆಸ್ತರು ಟ್ಯೂನಾವನ್ನು ಗಾಳದ ಕೋಲಿನಿಂದ ಒಂದೊಂದಾಗಿ ಹಿಡಿಯುತ್ತಾರೆ. ಬೇಡದ ಜೀವಿಗಳನ್ನೆಲ್ಲ ಬಾಚುವ ಬಲೆಯಲ್ಲ ಅದು. ಕಡಲಿನೊಡನೆ ಬಾಳುವ ವಿದ್ಯೆ ಅವರಿಗೆ ಗೊತ್ತಿದೆ. 2021ರಲ್ಲಿ ದ್ವೀಪಗಳ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಬಂದಾಗ ಅವರು ಮನೆಮನೆಗಳಲ್ಲಿ ಉಪವಾಸ ಕುಳಿತು ಪ್ರತಿಭಟಿಸಿದ್ದು ಪ್ರವಾಸಿಗರ ಮೇಲಿನ ಹಗೆಯಿಂದಲ್ಲ. ತಮ್ಮ ಮನೆಯ ಬಾಗಿಲು ಯಾವಾಗ, ಎಷ್ಟು ತೆರೆಯಬೇಕೆಂದು ಹೇಳುವ ಹಕ್ಕು ತಮ್ಮದಾಗಿರಲಿ ಎಂಬುದಕ್ಕಾಗಿ. ಅತಿಥಿಯಾದವನು ಆ ಹಕ್ಕಿನ ಪರ ನಿಲ್ಲಬೇಕು. ಅಲ್ಲಿಯವರ ಅಂಗಡಿಯಲ್ಲಿ ಉಣ್ಣುವುದು, ಅಲ್ಲಿಯವರ ದೋಣಿಗೆ ಚೌಕಾಶಿಯಿಲ್ಲದೆ ಬಾಡಿಗೆ ಕೊಡುವುದು, ಅವರ ಉಡುಗೆ, ನಮಾಝ್, ಹೆಣ್ಣುಮಕ್ಕಳ ಮರ್ಯಾದೆಗೆ ಕಣ್ಣು ತಗ್ಗಿಸುವುದು ಸಾಧಾರಣ ಸಂಗತಿಗಳಾದರೂ ಬಡವನ ಹೊಟ್ಟೆಪಾಡಿನ ಹೆಸರೆತ್ತುವವರು ಮೊದಲು ಮಾಡಬೇಕಾದವು.

ಅದೇ ದಡದಲ್ಲಿ ನಮ್ಮವರು

ಕಡಲ ದಡದಲ್ಲಿ ನಮ್ಮ ಜಿಲ್ಲೆಯವರು ಕಾಣಿಸುವುದು ಪ್ರವಾಸಿಗರಾಗಿ ಮಾತ್ರವಲ್ಲ. ಬರಗಾಲ ಬಂದಾಗಲೆಲ್ಲ ತಿಕೋಟಾ, ಬಬಲೇಶ್ವರ ಸೀಮೆಯ ಹಳ್ಳಿಗಳಿಂದ, ಲಂಬಾಣಿ ತಾಂಡಾಗಳಿಂದ ಜನ ಗೋವಾಕ್ಕೆ, ಮಂಗಳೂರಿಗೆ, ಉಡುಪಿಗೆ ದುಡಿಯಲು ಹೋಗಿದ್ದಾರೆ. ರಸ್ತೆ ಹಾಕಿದ್ದಾರೆ, ಹೋಟೆಲಿನ ಗೋಡೆ ಕಟ್ಟಿದ್ದಾರೆ, ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತಿದ್ದಾರೆ. ಗೋವಾದ ಬೈನಾ ಕಡಲತೀರದಲ್ಲಿ 2004ರಲ್ಲಿ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಬಹಳ ಮಂದಿ ಕನ್ನಡ ಮಾತಾಡುವವರೇ. ಒಂದೇ ಬಸ್ಸಿನಲ್ಲಿ ಒಬ್ಬ ದಡ ನೋಡಲು ಹೋಗುತ್ತಾನೆ, ಇನ್ನೊಬ್ಬ ದಡದಲ್ಲಿ ಇಟ್ಟಿಗೆ ಹೊರಲು ಹೋಗುತ್ತಾನೆ. ರೆಸಾರ್ಟಿನಲ್ಲಿ ನಮ್ಮ ಕೋಣೆ ಗುಡಿಸುವ ಹೆಣ್ಣುಮಗಳು 'ಯಾವೂರ್ರೀ ನಿಮ್ದು?' ಎಂದು ಕೇಳಿದರೆ ಆಶ್ಚರ್ಯಪಡಬೇಕಿಲ್ಲ. ಡಾಲ್ಫಿನ್‌ಗೆ ಮರುಗಿ ಆಕೆಯ ಕೂಲಿ ಕೇಳದವನ ಕರುಣೆ ಅರ್ಧವೇ. ಆಕೆಗೆ ಮರುಗಿ ಡಾಲ್ಫಿನ್ ಬೆನ್ನಟ್ಟಿಸುವವನ ಕರುಣೆಯೂ ಅರ್ಧವೇ. ಎಲ್ಲ ಪ್ರಾಣಿಪಕ್ಷಿಗಳೂ ಮನುಷ್ಯರಂತೆಯೇ ಸಮುದಾಯಗಳೆಂದು ಸೂರಾ ಅಲ್‌ಅನ್ಆಮ್ ನೆನಪಿಸುವಾಗ ಕರುಣೆಯನ್ನು ಹೀಗೆ ಹೋಳು ಮಾಡಲು ಎಡೆಯಿಲ್ಲ.

ಇನ್ನು ನಮ್ಮೂರಿಗೂ ಅತಿಥಿಗಳು ಬರುತ್ತಾರೆ. ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ನಿಂತವರು ಪಿಸುಗುಟ್ಟುವುದಿಲ್ಲ, ಕಿರುಚುತ್ತಾರೆ, ಸಿಳ್ಳೆ ಹಾಕುತ್ತಾರೆ. ಅದೊಂದು ಗೋರಿ, ಕೆಳಗೆ ಮುಹಮ್ಮದ್ ಆದಿಲ್‌ಶಾಹ ಮತ್ತವನ ಮನೆಯವರು ಮಲಗಿದ್ದಾರೆ ಎಂಬುದು ನೆನಪಿರುವುದಿಲ್ಲ. ಗೋಡೆಯ ಮೇಲೆ ಮೊಳೆಯಿಂದ ಹೆಸರು ಕೆತ್ತುತ್ತಾರೆ. ನಮಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಆದರೆ ಆ ಸಿಟ್ಟಿಗೆ ಒಂದು ಬೆಲೆ ಕಟ್ಟಬೇಕು. ನಮ್ಮ ಗುಮ್ಮಟದಲ್ಲಿ ಪರವೂರಿನವನು ಹೇಗಿರಬೇಕೆಂದು ಬಯಸುತ್ತೇವೋ ಅವನ ಕಡಲಿನಲ್ಲಿ ನಾವೂ ಹಾಗಿರಬೇಕು. ತನಗೆ ಬಯಸುವುದನ್ನೇ ಸಹೋದರನಿಗೂ ಬಯಸುವವರೆಗೆ ವಿಶ್ವಾಸ ಪೂರ್ಣವಾಗದೆಂಬ ಬೋಧನೆಗೆ ಪ್ರವಾಸದಲ್ಲಿ ರಜೆ ಇಲ್ಲ.

ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ತೀರಿಕೊಂಡರು. ಕಿಸೆಯಿಲ್ಲದ ಅಂಗಿ ತೊಟ್ಟವರು ಅವರು. ತಮಗೆ ಸ್ಮಾರಕ ಕಟ್ಟಬೇಡಿರೆಂದು ಮೊದಲೇ ಬರೆದಿಟ್ಟಿದ್ದರು. ಅವರ ಇಚ್ಛೆಯಂತೆ ಚಿತಾಭಸ್ಮ ನದಿಗೂ ಕಡಲಿಗೂ ಸೇರಿತು. ಅಂತ್ಯಸಂಸ್ಕಾರದ ವಿಧಿಗಳು ನಮ್ಮವು ಬೇರೆ, ಅವರವು ಬೇರೆ. ಆದರೆ ಈ ಭೂಮಿಯ ಮೇಲೆ ತನ್ನ ಗುರುತು ಒತ್ತಬೇಕೆಂಬ ಹಟವಿಲ್ಲದೆ ಬಂದು ಹೋಗುವುದು ಸಾಧ್ಯವೆಂಬ ಪಾಠ ಎಲ್ಲರಿಗೂ ಒಂದೇ. ಈ ಲೋಕದಲ್ಲಿ ಪರವೂರಿನವನಂತೆ, ದಾರಿಹೋಕನಂತೆ ಬಾಳುವುದನ್ನು ಪ್ರವಾದಿವರ್ಯರು(ಸ) ಕಲಿಸಿದ್ದು ಇದೇ ಪಾಠವಲ್ಲವೇ? ದ್ವೀಪದಲ್ಲಿ ನಾವು ನಾಲ್ಕು ದಿನದ ಅತಿಥಿಗಳಾದರೆ ಭೂಮಿಯ ಮೇಲೆ ನಾಲ್ಕು ದಶಕಗಳ ಅತಿಥಿಗಳು.

ಆದ್ದರಿಂದ ಹೋಗಲಿರುವ ಮಕ್ಕಳಿಗೆ 'ಹೋಗಬೇಡಿ' ಎನ್ನುವುದು ಬೇಡ. ಹೋಗಿ ಬನ್ನಿ ಎನ್ನೋಣ. ಜೊತೆಗೆ ಎರಡು ಮಾತು ಕಟ್ಟಿಕೊಡೋಣ. ದೋಣಿಯವನಿಗೆ ಬೆನ್ನಟ್ಟಲು ಹೇಳಬೇಡಿ. ಹವಳ ಮುಟ್ಟಬೇಡಿ, ಶಂಖ ತರಬೇಡಿ, ನೀರು ಅಳೆದು ಬಳಸಿ. ನಿಮ್ಮ ಕೋಣೆ ಗುಡಿಸುವವರ ಊರು ಕೇಳಿ. ಡಾಲ್ಫಿನ್ ಕಾಣಿಸದಿದ್ದರೆ ಬೇಸರ ಬೇಡ. ಅದು ತನ್ನ ಮನೆಯಲ್ಲಿ ತನ್ನ ಕೆಲಸದಲ್ಲಿತ್ತು. ಮರಳಿ ಬಂದಾಗ ಹಿರಿಯರು 'ಎಷ್ಟು ಖರ್ಚಾತು?' ಎಂದು ಕೇಳುತ್ತಾರೆ. ಕೇಳಲಿ. 'ಅಲ್ಲಿಯವರಿಗೆ ತೊಂದರಿ ಏನರ ಆತೇನು?' ಎಂದೂ ಒಂದು ಮಾತು ಅವರು ಕೇಳುವಂತಾದರೆ ನಮ್ಮ ಮನೆಗಳ ಚರ್ಚೆ ಒಂದು ಹೆಜ್ಜೆ ಮುಂದಕ್ಕೆ ಹೋದಂತೆ.